ದೆವ್ವದ ಪೋಸ್ಟರನ್ನು ಓದುವುದು ಹೇಗೆ?



ಭರತ ಹುಣ್ಣಿಮೆಯ ಹೊತ್ತಿಗೆ ನಾನೊಮ್ಮೆ ನಮ್ಮೂರು ಮುನವಳ್ಳಿಗೆ ಹೋಗಿದ್ದೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳು, ಟ್ರ್ಯಾಕ್ಟರುಗಳು ರಸ್ತೆ ತುಂಬಿದ್ದವು. 'ಉಧೋ ಉಧೋ' ಎಂಬ ಕೂಗು, ಗಾಳಿಯಲ್ಲೆಲ್ಲ ಭಂಡಾರದ ಹಳದಿ. ಊರಿನ ಕಾಲೇಜಿನವರು ಟಿ.ವಿ. ಕಾರ್ಯಕ್ರಮಗಳು ತಯಾರಾಗುವ ಬಗೆ ಹೇಳಲು ಕರೆದಿದ್ದರು. ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಹತ್ತಿರ ಬಂದು ಮೊಬೈಲನ್ನು ನನ್ನ ಮುಂದೆ ಹಿಡಿದಳು. ಅದರಲ್ಲೊಂದು ಭಯಾನಕ ಧಾರಾವಾಹಿಯ ಪೋಸ್ಟರ್ ಇತ್ತು.

"ಸರ್, ಈ ದೆವ್ವ ನಮ್ಮ ಆಯಿ ಗತೆ ಕಾಣತೈತ್ರಿ. ಗೆಳತ್ಯಾರು ಇದನ್ನ ನನಗ ಕಳಿಸಿ ನಗತಾರ."

ಆಕೆಯ ಅಜ್ಜಿ ಎಲ್ಲಮ್ಮನ ಜೋಗತಿ. ತಲೆಯಲ್ಲಿ ಜಡೆ, ಹಣೆಯ ತುಂಬ ಭಂಡಾರ, ನಡುವೆ ದೊಡ್ಡ ಕುಂಕುಮ, ಕೊರಳಲ್ಲಿ ಕವಡೆಯ ಸರ. ಪೋಸ್ಟರಿನ ದೆವ್ವಕ್ಕೂ ಹೆಚ್ಚುಕಡಿಮೆ ಅದೇ ವೇಷ. ಹುಡುಗಿಯ ಮುಖದಲ್ಲಿ ನಗುವಿರಲಿಲ್ಲ. "ಆಯಿ ಹಂಗ ಇಲ್ರಿ. ಆದರ ಚಿತ್ರ ನೋಡಿದ ಮ್ಯಾಲ ನನಗೂ ರಾತ್ರಿ ಆಕಿನ್ನ ನೋಡಿ ಒಂದ್ಸಲ ಎದಿ ಝಲ್ ಅಂತು" ಎಂದಳು.

ನಮ್ಮ ಮಾತುಕತೆ ಕಾರ್ಯಕ್ರಮದಲ್ಲಿ ಈ ವಿಷಯವನ್ನು ಎತ್ತಿಕೊಳ್ಳಲು ಆ ಮಾತೇ ಕಾರಣ. ಅರ್ಧ ಗಂಟೆಯಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಧಾರಾವಾಹಿಯ ಹೆಸರು ನಮಗೆ ಬೇಡ. ಅಂಥ ಪೋಸ್ಟರುಗಳು ಬೇಕಾದಷ್ಟಿವೆ. ನಮಗೆ ಬೇಕಾದದ್ದು ಅವುಗಳನ್ನು ಓದುವ ಕ್ರಮ.

ಮೊದಲು ಕಂಡದ್ದನ್ನು ಬರೆಯಿರಿ

ಪ್ರಯೋಗಶಾಲೆಯಲ್ಲಿ ಮೊದಲು ವೀಕ್ಷಣೆ, ಆಮೇಲೆ ನಿರ್ಣಯ. ಚಿತ್ರಕ್ಕೂ ಇದೇ ನಿಯಮ. ಆ ಪೋಸ್ಟರಿನಲ್ಲಿ ಇದ್ದದ್ದು ಇಷ್ಟು: ನೀಲಿ ಇರುಳು. ಹಿಂದೆ ಒಂದು ಹಳೆಯ ವಾಡೆ, ಅದರ ಒಂದೇ ಕಿಟಕಿಯಲ್ಲಿ ಬೆಳಕು. ಮುಂದೆ ಕೂದಲು ಕೆದರಿದ ಹೆಂಗಸು. ಆಕೆಯ ಮುಖಕ್ಕೆ ಕೆಳಗಿನಿಂದ ಬೆಳಕು ಬಿದ್ದಿದೆ. ಕಣ್ಣಲ್ಲಿ ಪಾಪೆ ಇಲ್ಲ. ಹಣೆಯ ಕುಂಕುಮ ಕೆಂಡದಂತೆ ಹೊಳೆಯುತ್ತದೆ. ಕೆಳಗೆ ಹೆಸರು, ಮುಳ್ಳು ಮೂಡಿದ ಕೆಂಪು ಅಕ್ಷರಗಳಲ್ಲಿ.

ಪಟ್ಟಿಯಲ್ಲಿ 'ದೆವ್ವ' ಎಂಬ ಪದವೇ ಇಲ್ಲ, ಗಮನಿಸಿ. ಚಿತ್ರದಲ್ಲಿರುವುದು ಒಬ್ಬ ಹೆಂಗಸು, ಒಂದು ಮನೆ, ಬಣ್ಣ ಮತ್ತು ಬೆಳಕು. ದೆವ್ವವನ್ನು ಸೇರಿಸಿದವರು ನೋಡಿದ ನಾವು. ಸೇರಿಸುವಂತೆ ನಮ್ಮನ್ನು ಪ್ರೇರೇಪಿಸಿದ್ದು ಚಿತ್ರದೊಳಗಿನ ಚಿಹ್ನೆಗಳು.

ಅಮೆರಿಕದ ತತ್ತ್ವಜ್ಞಾನಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ (1839–1914) ಚಿಹ್ನೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದ. ಒಂದು, ಹೋಲಿಕೆಯಿಂದ ಹುಟ್ಟುವ ಚಿಹ್ನೆ. ಭಾವಚಿತ್ರ ವ್ಯಕ್ತಿಯನ್ನು ಹೋಲುವಂತೆ. ಎರಡು, ಸುಳಿವಿನ ಚಿಹ್ನೆ. ಹೊಗೆ ಕಂಡರೆ ಬೆಂಕಿ ಇದೆ ಎಂದು ತಿಳಿಯುವಂತೆ. ಮೂರು, ಜನ ಒಪ್ಪಿಕೊಂಡದ್ದರಿಂದ ಅರ್ಥ ಪಡೆದ ಸಂಕೇತ. ಕೆಂಪು ದೀಪ ಎಂದರೆ 'ನಿಲ್ಲು' ಎಂಬಂತೆ. ಪೋಸ್ಟರಿನ ಹೆಂಗಸು ಮೊದಲನೆಯದು. ಕಿಟಕಿಯ ಬೆಳಕು ಎರಡನೆಯದು, ಒಳಗೆ ಯಾರೋ ಇದ್ದಾರೆ ಎಂಬ ಸುಳಿವು. ಕುಂಕುಮ, ಭಂಡಾರ, ಬಿಚ್ಚಿದ ಕೂದಲು ಮೂರನೆಯವು. ಈ ಮೂರನೆಯ ಬಗೆಯ ಅರ್ಥ ಊರಿಂದ ಊರಿಗೆ ಬದಲಾಗುತ್ತದೆ. ತೊಡಕು ಇರುವುದೂ ಅಲ್ಲೇ.

ಇರುಳು ನೀಲಿ ಏಕೆ?

ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ಎರಡು ಬಗೆಯ ಬೆಳಕಿನ ಕೋಶಗಳಿವೆ. ಸುಮಾರು 60 ಲಕ್ಷ ಶಂಕುಕೋಶಗಳು ಹಗಲಲ್ಲಿ ಬಣ್ಣ ತಿಳಿಸುತ್ತವೆ. ಸುಮಾರು 12 ಕೋಟಿ ದಂಡಕೋಶಗಳು ಮಬ್ಬಿನಲ್ಲಿ ಕೆಲಸ ಮಾಡುತ್ತವೆ. ದಂಡಕೋಶಗಳಿಗೆ ನೀಲಿ-ಹಸಿರು ಬೆಳಕು ಚೆನ್ನಾಗಿ ತಾಗುತ್ತದೆ, ಕೆಂಪು ಬೆಳಕು ಬಹುತೇಕ ತಾಗುವುದೇ ಇಲ್ಲ. ಆದ್ದರಿಂದ ಕತ್ತಲಾದಂತೆ ಕೆಂಪು ಬಣ್ಣ ಕಪ್ಪಾಗುತ್ತ ಹೋಗುತ್ತದೆ. 19ನೇ ಶತಮಾನದ ಮೊದಲ ಭಾಗದಲ್ಲಿ ಇದನ್ನು ಗುರುತಿಸಿದ ಪುರ್ಕಿನ್ಯೆ ಎಂಬ ವಿಜ್ಞಾನಿಯ ಹೆಸರಿನಿಂದಲೇ ಈ ಪರಿಣಾಮವನ್ನು ಕರೆಯುತ್ತಾರೆ.

ಇದನ್ನು ನೋಡಲು ನಿಮಗೆ ಯಾವ ಉಪಕರಣವೂ ಬೇಡ. ಮನೆಯಲ್ಲಿ ಹಸಿರು ಒಡಲಿನ ಇಳಕಲ್ಲ ಸೀರೆ ಇದ್ದರೆ ಸಂಜೆ ದೀಪ ಹಚ್ಚುವ ಮೊದಲು ಅಂಗಳದಲ್ಲಿ ಹರವಿ ಕುಳಿತುಕೊಳ್ಳಿ. ಹಗಲಲ್ಲಿ ಕಣ್ಣು ಕುಕ್ಕುತ್ತಿದ್ದ ಕೆಂಪು ಸೆರಗು ಮೊದಲು ಕಪ್ಪಾಗುತ್ತದೆ. ಹಸಿರು ಒಡಲು ಇನ್ನೂ ಸ್ವಲ್ಪ ಹೊತ್ತು ತಿಳಿಯಾಗಿ ಕಾಣುತ್ತದೆ.

ಸಿನಿಮಾದವರು ಇರುಳಿಗೆ ನೀಲಿ ಬಳಿಯುವುದಕ್ಕೆ ಇದು ಒಂದು ಆಧಾರ. ಹಗಲಲ್ಲೇ ಚಿತ್ರೀಕರಿಸಿ, ನೀಲಿ ಶೋಧಕ ಹಾಕಿ ರಾತ್ರಿಯೆಂದು ತೋರಿಸುವ ರೂಢಿ ಹಳೆಯದು. ಆದರೆ ಪೋಸ್ಟರಿನ ಕುಂಕುಮವನ್ನು ಮತ್ತೆ ನೋಡಿ. ಅಷ್ಟು ನೀಲಿ ಇರುಳಿನಲ್ಲಿ ಕುಂಕುಮ ಕಪ್ಪಾಗಬೇಕಿತ್ತು. ಅದು ಕೆಂಡದಂತೆ ಹೊಳೆಯುತ್ತಿದೆ ಎಂದರೆ ಯಾರೋ ಬೇಕೆಂದೇ ಅದನ್ನು ಹೊಳೆಯಿಸಿದ್ದಾರೆ. ಹಣೆಯ ಭಂಡಾರದ ಸ್ಥಿತಿಯೂ ನೋಡುವಂಥದ್ದು. ಹಳದಿ ವಸ್ತು ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ನೀಲಿ ಶೋಧಕದ ಮೂಲಕ ನೋಡಿದರೆ ಅರಿಶಿನ ಕಪ್ಪುಕಲೆಯಂತೆ ಕಾಣುತ್ತದೆ. ಮಂಗಳಕ್ಕೆಂದು ಹಚ್ಚಿದ ಬಣ್ಣ ಗಾಯದ ಗುರುತಿನ ಹಾಗೆ ತೋರುತ್ತದೆ. ನಿಸರ್ಗ ಕೊಟ್ಟ ನೀಲಿಯನ್ನು ಉಳಿಸಿಕೊಂಡು, ನಿಸರ್ಗ ಒಪ್ಪದ ಕೆಂಪನ್ನು ಸೇರಿಸಿದ್ದಾರೆ. ಪೋಸ್ಟರನ್ನು ಓದುವಾಗ ಇಂಥ ಜಾಗಗಳನ್ನು ಹುಡುಕಿ. ರೂಪಿಸಿದವರ ಉದ್ದೇಶ ಅಲ್ಲಿ ಬಯಲಾಗುತ್ತದೆ.

ಬೆಳಕು ಎತ್ತಲಿಂದ ಬಿತ್ತು?

ಅಂದು ಕಾಲೇಜಿನ ಕೋಣೆಯಲ್ಲಿ ಕಿಟಕಿ ಮುಚ್ಚಿಸಿ ಒಂದು ಸಣ್ಣ ಪ್ರಯೋಗ ಮಾಡಿದೆವು. ಒಬ್ಬ ಹುಡುಗನನ್ನು ನಿಲ್ಲಿಸಿ ಮೊಬೈಲಿನ ಟಾರ್ಚನ್ನು ಅವನ ತಲೆಯ ಮೇಲಿನಿಂದ ಬಿಟ್ಟೆವು. ಅವನು ಅವನೇ. ಅದೇ ಟಾರ್ಚನ್ನು ಗದ್ದದ ಕೆಳಗೆ ಹಿಡಿದೆವು. ಹಿಂದಿನ ಬೆಂಚಿನಲ್ಲಿ ಯಾರೋ ಚೀರಿದರು, ಉಳಿದವರು ನಕ್ಕರು.

ಸೂರ್ಯ, ಚಂದ್ರ, ಮಾಡಿಗೆ ತೂಗುಹಾಕಿದ ದೀಪ, ಎಲ್ಲವೂ ಮೇಲಿನಿಂದಲೇ ಬೆಳಗುತ್ತವೆ. ಬೆಳಕು ಮೇಲಿನಿಂದ ಬೀಳುತ್ತದೆ ಎಂದು ನಮ್ಮ ಮೆದುಳು ಎಣಿಸಿಯೇ ಉಬ್ಬು-ತಗ್ಗುಗಳನ್ನು ಲೆಕ್ಕ ಹಾಕುತ್ತದೆ. ಕೆಳಗಿನಿಂದ ಬೆಳಕು ಬಿದ್ದಾಗ ನೆರಳುಗಳೆಲ್ಲ ತಿರುವುಮುರುವಾಗಿ ಪರಿಚಿತ ಮುಖವೂ ಅಪರಿಚಿತವಾಗುತ್ತದೆ. ಪಾಪೆ ಇಲ್ಲದ ಕಣ್ಣಿನ ಕೆಲಸವೂ ಇದೇ ಬಗೆಯದು. ಎದುರಿನವರು ಎತ್ತ ನೋಡುತ್ತಿದ್ದಾರೆ ಎಂಬುದನ್ನು ಕಣ್ಣಿನ ಬಿಳಿ ಮತ್ತು ಕಪ್ಪಿನಿಂದ ತಿಳಿಯುತ್ತೇವೆ. ಕಪ್ಪನ್ನು ಅಳಿಸಿಬಿಟ್ಟರೆ ಆಕೆಯ ದೃಷ್ಟಿ ಯಾರ ಮೇಲಿದೆಯೋ ತಿಳಿಯದು. ತಿಳಿಯದಿದ್ದಾಗ ನಾವು ನಮ್ಮ ಮೇಲೆಯೇ ಇದೆ ಎಂದುಕೊಳ್ಳುತ್ತೇವೆ.

ಕಿಟಕಿಯ ಬೆಳಕಿಗೂ ಒಂದು ಇತಿಹಾಸವಿದೆ. 1973ರ 'ದಿ ಎಕ್ಸಾರ್ಸಿಸ್ಟ್' ಚಿತ್ರದ ಪೋಸ್ಟರಿನಲ್ಲಿ ಟೋಪಿ ಹಾಕಿ ಚೀಲ ಹಿಡಿದ ಒಬ್ಬ ಮನುಷ್ಯ ಬೀದಿದೀಪದ ಕೆಳಗೆ ನಿಂತಿದ್ದಾನೆ. ಮೇಲಿನ ಕಿಟಕಿಯಿಂದ ಬೆಳಕು ಅವನತ್ತ ಹರಿದಿದೆ. ಬೆಲ್ಜಿಯಂನ ಕಲಾವಿದ ರೆನೆ ಮ್ಯಾಗ್ರಿಟ್‌ನ 'ಬೆಳಕಿನ ಸಾಮ್ರಾಜ್ಯ' ಎಂಬ ವರ್ಣಚಿತ್ರದಿಂದ ಆ ದೃಶ್ಯಕ್ಕೆ ಪ್ರೇರಣೆ ದೊರೆಯಿತು. ಅಲ್ಲಿ ಭಯಂಕರವಾದದ್ದು ಒಂದೂ ಕಾಣುವುದಿಲ್ಲ. ಹೊರಗಿನ ಕತ್ತಲು ಸುರಕ್ಷಿತವಾಗಿದ್ದು ಒಳಗಿನ ಬೆಳಕು ಅಪಾಯಕಾರಿಯಾಗಿದೆ. ನಾವು ನಂಬಿದ್ದು ಅಡಿಮೇಲಾದಾಗಲೂ ಭಯ ಹುಟ್ಟುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಮುಳ್ಳು ಮೂಡಿದ ಅಕ್ಷರ

ಹೆಸರಿನ ಅಕ್ಷರಗಳೂ ಚಿತ್ರವೇ. 2016ರಲ್ಲಿ ಆರಂಭವಾದ 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯ ಹೆಸರನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದಕ್ಕೆ ಬಳಸಿದ್ದು ಎಡ್ ಬೆಂಗಿಯಟ್ ರೂಪಿಸಿದ 1970ರ ದಶಕದ ಅಕ್ಷರಶೈಲಿ. ಕಥೆ ಆರಂಭವಾಗುವುದು 1983ರಲ್ಲಿ. ಆ ಕಾಲದ ಭಯಾನಕ ಕಾದಂಬರಿಗಳ ರಕ್ಷಾಪುಟ ಓದುಗರಿಗೆ ನೆನಪಾಗಲಿ ಎಂಬುದು ಅದರ ಉದ್ದೇಶ. ಅಲ್ಲಿ ಅಕ್ಷರವೇ ಕಾಲವನ್ನು ಹೇಳುತ್ತದೆ.

ಕನ್ನಡದ ಅಕ್ಷರಗಳು ದುಂಡಗೆ. ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬರ್ಡ್ 2001ರಲ್ಲಿ ಪ್ರಕಟಿಸಿದ ಬರಹವೊಂದರಲ್ಲಿ ಒಂದು ಸರಳ ಪ್ರಯೋಗವಿದೆ. ಒಂದು ದುಂಡು ಆಕಾರ, ಒಂದು ಮೊನೆಮೊನೆಯಾದ ಆಕಾರ. ಇವುಗಳಲ್ಲಿ 'ಬೂಬಾ' ಯಾವುದು, 'ಕಿಕಿ' ಯಾವುದು ಎಂದು ಕೇಳಿದರೆ ಶೇಕಡಾ 95ರಷ್ಟು ಜನ ದುಂಡಗಿನದನ್ನೇ ಬೂಬಾ ಎನ್ನುತ್ತಾರೆ. ದುಂಡು ಮೆತ್ತಗೆ, ಮೊನೆ ಚುರುಕು ಎಂಬ ಭಾವನೆ ಅಷ್ಟು ಆಳದಲ್ಲಿದೆ. ಹಾಗಾಗಿ ಕನ್ನಡದ ಅಕ್ಷರವನ್ನು ಹೆದರಿಸುವಂತೆ ಮಾಡಬೇಕಾದರೆ ಕಲಾವಿದ ಅದರ ದುಂಡನ್ನು ಮುರಿಯಬೇಕು. ತಲೆಕಟ್ಟನ್ನು ಚೂರಿಯಂತೆ ಚಾಚುತ್ತಾನೆ, ಒತ್ತಕ್ಷರವನ್ನು ಬೇರಿನಂತೆ ಇಳಿಬಿಡುತ್ತಾನೆ, ಸೊನ್ನೆಯಿಂದ ರಕ್ತ ತೊಟ್ಟಿಕ್ಕಿಸುತ್ತಾನೆ. ಇನ್ನು ಮುಂದೆ ಇಂಥ ಹೆಸರು ಕಂಡಾಗ ಯಾವ ಅಕ್ಷರದ ಯಾವ ಭಾಗ ಮುರಿದಿದೆ ಎಂದು ನೋಡಿ.

ಬಿಚ್ಚಿದ ಕೂದಲು

ಈಗ ಆ ಹೆಂಗಸಿನ ಕೂದಲಿಗೆ ಬರೋಣ. ಬಣ್ಣ, ಬೆಳಕು, ಆಕಾರ ಇವುಗಳ ಪರಿಣಾಮ ಬಹುಮಟ್ಟಿಗೆ ಎಲ್ಲ ಮನುಷ್ಯರ ಕಣ್ಣಿಗೂ ಒಂದೇ. ಕೂದಲಿನದು ಹಾಗಲ್ಲ, ಅದರ ಅರ್ಥ ಸಮಾಜ ಕೊಟ್ಟದ್ದು.

ಜಪಾನಿನಲ್ಲಿ ಸತ್ತವರಿಗೆ ಬಿಳಿ ಉಡುಪು ಹಾಕುವ ಪದ್ಧತಿ ಇತ್ತು. 18ನೇ ಶತಮಾನದ ಕಲಾವಿದ ಮಾರುಯಾಮಾ ಓಕ್ಯೋನ ಹೆಸರಿನಲ್ಲಿರುವ ಪ್ರೇತಚಿತ್ರಗಳಲ್ಲಿ ಹೆಂಗಸು ಬಿಳಿ ಉಟ್ಟು ಕೂದಲು ಇಳಿಬಿಟ್ಟಿದ್ದಾಳೆ. 1998ರ 'ರಿಂಗು' ಚಿತ್ರದ ಪ್ರೇತ ಕೂದಲಿನಿಂದ ಮುಖ ಮುಚ್ಚಿಕೊಂಡು ಬಂದದ್ದು ಈ ಪರಂಪರೆಯಿಂದ. ನಮ್ಮಲ್ಲಿ ಬಿಳಿ ಸೀರೆ ವಿಧವೆಯರ ಮೇಲೆ ಹೇರಿದ ಉಡುಗೆಯಾಗಿತ್ತು. 1964ರ ಹಿಂದಿ ಚಿತ್ರ 'ವೋ ಕೌನ್ ಥಿ?'ಯಲ್ಲಿ ಸಾಧನಾ ಮಳೆಯಲ್ಲಿ ಬಿಳಿ ಸೀರೆ ಉಟ್ಟು ನಿಂತ ಮೇಲೆ ಅದು ದೆವ್ವದ ಸಮವಸ್ತ್ರವಾಗಿ ಗಟ್ಟಿಯಾಯಿತು. ಮಹಾಭಾರತದ ದ್ರೌಪದಿಯ ಬಿಚ್ಚಿದ ಮುಡಿಗೆ ಮಾತ್ರ ಅರ್ಥವೇ ಬೇರೆ. ಅದು ಪ್ರತಿಜ್ಞೆಯ ಸಂಕೇತ. ಅಂದರೆ ಕೂದಲು ಒಂದೇ, ಅದನ್ನು ಶೋಕ ಎಂದೂ ಶಪಥ ಎಂದೂ ದೆವ್ವ ಎಂದೂ ಓದಬಹುದು. ಯಾವುದೆಂದು ತೀರ್ಮಾನಿಸುವುದು ಸುತ್ತಲಿನ ಕಥೆ.

ಗುಡ್ಡದ ಭೂತ ಕಲಿಸಿದ ಪಾಠ

ಇದು ನನಗೆ ತಿಳಿದದ್ದು ತಡವಾಗಿ. 1990ರ ಆಸುಪಾಸಿನಲ್ಲಿ ದೂರದರ್ಶನದಲ್ಲಿ 'ಗುಡ್ಡದ ಭೂತ' ಎಂಬ ಕನ್ನಡ ಧಾರಾವಾಹಿ ಬರುತ್ತಿತ್ತು. ಸದಾನಂದ ಸುವರ್ಣರು ತಮ್ಮ ತುಳು ನಾಟಕವನ್ನು ಆಧರಿಸಿ ನಿರ್ದೇಶಿಸಿದ್ದರು. ಪ್ರಕಾಶ್ ರೈ ಅವರ ಮೊದಮೊದಲ ಪಾತ್ರಗಳಲ್ಲಿ ಒಂದು ಅದರಲ್ಲಿತ್ತು. ನಾನಾಗ ಹತ್ತು ವರ್ಷದ ಹುಡುಗ. ನೆರೆಮನೆಯ ಕಪ್ಪು-ಬಿಳುಪು ಟಿ.ವಿ.ಯಲ್ಲಿ ನೋಡಿ, ಅದರ 'ಡೆನ್ನಾನ ಡೆನ್ನಾನ' ಹಾಡು ಕಿವಿಯಲ್ಲಿರುವಾಗಲೇ ಓಣಿ ದಾಟಿ ಮನೆಗೆ ಓಡುತ್ತಿದ್ದೆ. ಮುನವಳ್ಳಿಯಲ್ಲಿ ಭೂತ ಎಂದರೆ ದೆವ್ವ, ಹುಣಸೆಮರದ ಮೇಲಿರುವಂಥದ್ದು. ನನಗೆ ಗೊತ್ತಿದ್ದದ್ದು ಅಷ್ಟೇ.

ಮುಂದೆ ಕೆಲಸದ ಮೇಲೆ ದಕ್ಷಿಣ ಕನ್ನಡಕ್ಕೆ ಹೋದಾಗ ಭೂತಕೋಲವನ್ನು ಕಣ್ಣಾರೆ ಕಂಡೆ. ಹಳದಿ ಬಳಿದ ಮುಖ, ತೆಂಗಿನ ಎಳೆಯ ಗರಿಯ ಉಡುಗೆ, ಬೆನ್ನಿಗೆ ಎತ್ತರದ ಅಣಿ, ಸುತ್ತ ದೊಂದಿಯ ಬೆಂಕಿ. ನನ್ನ ಮೈ ನಡುಗಿತು. ಪಕ್ಕದಲ್ಲಿದ್ದ ಅಜ್ಜಿ ಕೈ ಮುಗಿದು ತನ್ನ ಮನೆಯ ಕಷ್ಟ ಹೇಳಿಕೊಳ್ಳುತ್ತಿದ್ದರು. ತುಳುನಾಡಿನಲ್ಲಿ ಭೂತ ಎಂದರೆ ದೈವ, ನ್ಯಾಯ ಹೇಳುವ, ಕಾಪಾಡುವ ಶಕ್ತಿ. ಅದೇ ಪದ, ಅದೇ ರೂಪ. ನನಗೆ ಭಯ, ಅವರಿಗೆ ಅಭಯ. 2015ರಲ್ಲಿ 'ರಂಗಿತರಂಗ' ಚಿತ್ರ ಗುಡ್ಡದ ಭೂತವನ್ನು ಮತ್ತೆ ತೆರೆಗೆ ತಂದಾಗಲೂ ಕರಾವಳಿಯ ಪ್ರೇಕ್ಷಕ ಒಂದು ಬಗೆಯಲ್ಲಿ, ನಮ್ಮ ಕಡೆಯ ಪ್ರೇಕ್ಷಕ ಇನ್ನೊಂದು ಬಗೆಯಲ್ಲಿ ನೋಡಿದ್ದು ಸಹಜ.

ಈಗ ಅದನ್ನು ತಿರುಗಿಸಿ ನೋಡಿ. ಜೋಗತಿಯನ್ನು ಎಂದೂ ಕಾಣದ ಊರಿನವನಿಗೆ ಜಡೆ, ಭಂಡಾರ, ಕವಡೆ ಸರ ಎಲ್ಲವೂ ಹೊಸತು. ಅವನು ಅವನ್ನು ಮೊದಲ ಬಾರಿಗೆ ಕಾಣುವುದು ಪೋಸ್ಟರಿನಲ್ಲಿ, ನೀಲಿ ಬೆಳಕಿನಲ್ಲಿ, ಪಾಪೆ ಇಲ್ಲದ ಕಣ್ಣಿನ ಜೊತೆ. ಮುಂದೊಂದು ದಿನ ಸವದತ್ತಿಯ ಬಸ್ ನಿಲ್ದಾಣದಲ್ಲಿ ಅಂಥ ಮುದುಕಿ ಎದುರಾದರೆ ಅವನು ಮೊದಲು ನೆನೆಯುವುದು ಏನನ್ನು?

ಭಯವನ್ನು ಯಾರಿಂದ ಸಾಲ ತಂದರು?

ಪೋಸ್ಟರ್ ಭಯವನ್ನು ಹೊಸದಾಗಿ ಸೃಷ್ಟಿಸುವುದು ಕಡಿಮೆ. ನಮ್ಮಲ್ಲಿ ಮೊದಲೇ ಇರುವ ಅಂಜಿಕೆ, ತಿರಸ್ಕಾರಗಳನ್ನು ಸಾಲ ತರುತ್ತದೆ. ಆ ಸಾಲಕ್ಕೆ ಬಡ್ಡಿ ಕಟ್ಟುವವರು ಬೇರೆಯವರು. ವಿಧವೆ, ಒಂಟಿ ಮುದುಕಿ, ಮಾನಸಿಕ ರೋಗಿ, ಜೋಗತಿ, ಇವರ ರೂಪವೇ ದೆವ್ವದ ರೂಪವಾಗಿ ಮತ್ತೆ ಮತ್ತೆ ಬರುವುದು ಆಕಸ್ಮಿಕವಲ್ಲ. 2004ರ 'ಆಪ್ತಮಿತ್ರ' ಕೊನೆಗೆ ಹೇಳುವುದು ಒಂದು ಮನೋರೋಗದ ಕಥೆಯನ್ನು. ಆದರೂ ಜನರ ನೆನಪಿನಲ್ಲಿ ನಿಂತದ್ದು ಚಿತ್ರಪಟದ ನಾಗವಲ್ಲಿ. ವಿವರಣೆಗಿಂತ ಚಿತ್ರದ ಆಯುಸ್ಸು ಹೆಚ್ಚು.

ಜಡೆಯ ವಿಷಯದಲ್ಲಿ ಸತ್ಯ ಏನು? ಕೂದಲನ್ನು ಬಾಚದೆ, ತೊಳೆಯದೆ ಬಿಟ್ಟರೆ ಎಣ್ಣೆ-ಧೂಳು ಸೇರಿ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಂಟಾಗುತ್ತವೆ. ಅದನ್ನು ದೇವಿಯ ಕರೆ ಎಂದು ನಂಬಿ ಎಷ್ಟೋ ಹೆಣ್ಣುಮಕ್ಕಳನ್ನು ದೇವರಿಗೆ ಬಿಟ್ಟರು. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆ ತಂದದ್ದು ಈ ಕಾರಣಕ್ಕೇ. ಅಂದರೆ ಆ ಜಡೆ ಹೊತ್ತ ಮುದುಕಿ ಯಾರನ್ನೂ ಹೆದರಿಸಿದವಳಲ್ಲ. ಹಲವು ಸಲ ಆಕೆಯೇ ಅನ್ಯಾಯಕ್ಕೆ ಒಳಗಾದವಳು. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದನ್ನು ತಡೆಯಲು ನಮ್ಮ ರಾಜ್ಯ 2017ರಲ್ಲಿ ಒಂದು ಕಾಯಿದೆ ಮಾಡಬೇಕಾಯಿತು, ಅದು 2020ರಲ್ಲಿ ಜಾರಿಗೆ ಬಂತು. 'ಆಕೆ ನೋಡಲು ಹಾಗಿದ್ದಾಳೆ' ಎಂಬ ಮಾತಿನಿಂದಲೇ ಇಂಥ ಹಿಂಸೆ ಎಷ್ಟೋ ಸಲ ಶುರುವಾಗುತ್ತದೆ.

ಇನ್ನೊಂದು ಚಿತ್ರವನ್ನೂ ಇದರ ಪಕ್ಕದಲ್ಲಿಡಿ. 2021ರ ನವೆಂಬರಿನಲ್ಲಿ ಮಂಜಮ್ಮ ಜೋಗತಿಯವರು ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿಯವರ ಎದುರು ನಿಂತಾಗ, ಸೆರಗಿನ ತುದಿ ಹಿಡಿದು ಅವರಿಗೆ ದೃಷ್ಟಿ ತೆಗೆದರು. ದೇಶವೆಲ್ಲ ಆ ದೃಶ್ಯವನ್ನು ಹರಕೆಯೆಂದು ಮೆಚ್ಚಿ ನೋಡಿತು. ಅದೇ ಕೈಚಲನೆಗೆ ನೀಲಿ ಬೆಳಕು ಹಾಕಿ, ಕೆಳಗೆ ಮುಳ್ಳಿನ ಅಕ್ಷರ ಬರೆದರೆ ಜನ ಅದನ್ನು ಮಾಟ ಎಂದು ಓದುತ್ತಾರೆ.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಈ ವೃತ್ತಿಗೆ ಬಂದ ಹೊಸತರಲ್ಲಿ ಮೂಢನಂಬಿಕೆಯ ವಿರುದ್ಧ ಒಂದು ಕಿರುಚಿತ್ರ ಮಾಡಿದ್ದೆ. ಅದರ ಶೀರ್ಷಿಕೆಗೆ ಜಡೆಯ ಹೆಂಗಸೊಬ್ಬಳ ನೆರಳನ್ನು ಕೆಳಗಿನಿಂದ ಬೆಳಗಿಸಿ ತೋರಿಸಿದವನು ನಾನೇ. ಒಳಗಿನ ಮಾತೆಲ್ಲ ವಿಚಾರದ್ದು, ಹೊದಿಕೆ ಮಾತ್ರ ಭಯದ್ದು. ಅದರಿಂದ ಯಾರಿಗೆ ನೋವಾಯಿತೋ ನಾನು ಅಂದು ಕೇಳಲಿಲ್ಲ. ಕಾಲೇಜಿನ ಆ ಹುಡುಗಿ ಮೊಬೈಲ್ ಹಿಡಿದು ನಿಂತಾಗ ನೆನಪಾದದ್ದು ಅದೇ.

ಮಾಡಿ ನೋಡಿ

ಭಯಾನಕ ಧಾರಾವಾಹಿಗಳನ್ನು ನೋಡಬೇಡಿ ಎಂದು ನಾನು ಹೇಳುವುದಿಲ್ಲ. ಹೆದರುವುದರಲ್ಲೂ ಒಂದು ಸುಖವಿದೆ, ನಾನೂ ನೋಡುತ್ತೇನೆ. ಆದರೆ ಪೋಸ್ಟರ್ ಎದುರಾದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ನಿಜವಾಗಿ ಏನೇನು ಕಾಣುತ್ತಿದೆ? ಯಾವ ಬಣ್ಣ, ಬೆಳಕು, ಆಕಾರ ಅದನ್ನು ಭಯಂಕರ ಮಾಡಿದೆ? ಈ ರೂಪ ನಿಜ ಜೀವನದಲ್ಲಿ ಯಾರದು?

ಆಮೇಲೆ ಒಂದು ಪ್ರಯೋಗ. ವಿಜ್ಞಾನದಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸುತ್ತೇವಲ್ಲ, ಹಾಗೆ ಪೋಸ್ಟರಿನ ಒಂದೊಂದೇ ಅಂಶವನ್ನು ಮನಸ್ಸಿನಲ್ಲಿ ಬದಲಿಸಿ. ನೀಲಿಯನ್ನು ತೆಗೆದು ಬಿಸಿಲು ಹಾಕಿ. ಕಣ್ಣಿಗೆ ಪಾಪೆ ಕೊಡಿ. ಹೆಸರನ್ನು ದುಂಡು ಅಕ್ಷರದಲ್ಲಿ ಬರೆಯಿರಿ. ಎಷ್ಟನೆಯ ಬದಲಾವಣೆಗೆ ಭಯ ಹೋಯಿತು ಎಂದು ಗುರುತು ಮಾಡಿಕೊಳ್ಳಿ.

ಆ ವಿದ್ಯಾರ್ಥಿನಿ ಇದನ್ನು ಮಾಡಿಯೇ ನೋಡಿದಳು. ನಾನು ಊರು ಬಿಡುವ ದಿನ ಬಸ್ಸಿನ ಹತ್ತಿರ ಬಂದು ತಾನು ತೆಗೆದ ಫೋಟೋ ತೋರಿಸಿದಳು. ಮಧ್ಯಾಹ್ನದ ಬಿಸಿಲು, ಮನೆಯ ಕಟ್ಟೆ, ಜಡೆಯನ್ನು ಹಿಂದಕ್ಕೆ ಸುತ್ತಿಕೊಂಡು ಜೋಳ ಹಸನು ಮಾಡುತ್ತ ಕುಳಿತ ಮುದುಕಿ. ಹಣೆಯ ಭಂಡಾರ ಬಂಗಾರದ ಹಾಗಿತ್ತು.

"ಇದನ್ನ ಗೆಳತ್ಯಾರಿಗೆ ಕಳಿಸೇನ್ರಿ" ಎಂದಳು. "ಏನಂದ್ರು?" ಎಂದು ಕೇಳಿದೆ.

"ಒಬ್ಬಾಕಿ 'ನಿಮ್ಮ ಆಯಿನ್ನ ನೋಡಾಕ ಬರ್ತೀನಿ' ಅಂದಾಳ್ರಿ. ಉಳಿದವರು ಇನ್ನೂ ಏನೂ ಅಂದಿಲ್ಲ."